ಸಭಿಕರ ದಾಸೋಹ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಮಠದ ಮಹೋತ್ಸವವೆಂದರೆ ಪುರಾಣ, ಪ್ರವಚನ, ಕೀರ್ತನ, ಸಂಗೀತ, ಪುರವಂತರ ಕುಣಿತ, ರಾತ್ರಿಯ ಬಯಲಾಟ, ಇವೆಲ್ಲವೂ ಕೂಡಿದ ಜ್ಞಾನದಾಸೋಹವು. ಅನ್ನದಾಸೋಹದ ಮಗ್ಗುಲಲ್ಲಿಯೇ ಇದೂ ತಲೆತಲಾಂತರದಿಂದ ನಡೆದುಬಂದಿರುವದು. ಇಂಥ ಮಹೋತ್ಸವದ ಸ್ಮರಣ ಸಂಪುಟವನ್ನು ತೆರೆದು ನೋಡಿದರೆ ಪ್ರವಚನ ಮಾಡಿದ ಶಾಸ್ತ್ರಿಗಳ ಹೆಸರು ಇರುವದು. ಹಾಡಿದ ಗವಾಯಿಗಳ ಹೆಸರು ಇರುವದು. ಚಪ್ಪರ ಹಾಕಿಸಿದ ದಾನಿಗಳ ಹೆಸರೂ ಇರುವದು. ನೆಲದ ಮೇಲೆ ಕುಳಿತು ನಡುರಾತ್ರಿಯವರೆಗೆ ಕೇಳಿದವರ ಹೆಸರು ಮಾತ್ರ ಯಾವ ಪುಟದಲ್ಲಿಯೂ ಇರುವದಿಲ್ಲ. ಅವರನ್ನು ಬರೆಯುವವರು 'ಅಪಾರ ಜನಸ್ತೋಮ' ಎಂಬ ಎರಡು ಮಾತಿನಲ್ಲಿ ಮುಗಿಸಿಬಿಡುವರು. ಹೇಳಿದವನಿಂದ ಪುರಾಣವಾಯಿತು, ಆಡಿದವನಿಂದ ಆಟವಾಯಿತು, ಉಳಿದವರು ಬಂದರು, ಕುಳಿತರು, ಹೋದರು ಎಂಬ ಭಾವನೆಯು ಇದರಿಂದ ಬಲಿಯುವದು. ಈ ಭಾವನೆಯು ಶಾಸ್ತ್ರಕ್ಕೂ ಒಪ್ಪುವಂಥದಲ್ಲ, ಶರಣರ ದೃಷ್ಟಿಗೂ ಒಪ್ಪುವಂಥದಲ್ಲ. ಸಭಿಕನೆಂದರೆ ಯಾರು, ಅವನು ಸಭೆಗೆ ಕೊಡುವದೇನು, ಕೊಡದಿದ್ದರೆ ಕೆಡುವದೇನು ಎಂಬುದೇ ಇಂದಿನ ವಿಚಾರವು.

ಮೊದಲು ಶಾಸ್ತ್ರದ ಮಾತು. ಭರತಮುನಿಯು ನಾಟ್ಯಶಾಸ್ತ್ರದ 27ನೆಯ ಅಧ್ಯಾಯವನ್ನು ಸಿದ್ಧಿಯ ವಿಚಾರಕ್ಕಾಗಿ ಮೀಸಲಿಟ್ಟಿರುವನು. ಆಟವು ಸಿದ್ಧಿಸಿತೋ ಇಲ್ಲವೋ ಎಂಬುದನ್ನು ತಿಳಿಯುವದು ಹೇಗೆ? ನಟನ ಅಭಿಮಾನದಿಂದಲ್ಲ, ಸಭೆಯಿಂದ. ಸಿದ್ಧಿಯು ಮಾನುಷಿಯೆಂದೂ ದೈವಿಕಿಯೆಂದೂ ಎರಡು ತೆರವಾಗಿರುವದು. ಮಾನುಷೀ ಸಿದ್ಧಿಯಲ್ಲಿ ಸಭೆಯು ಬಾಯಿಂದಲೂ ಮೈಯಿಂದಲೂ ಉತ್ತರ ಕೊಡುವದು. ಮುಗುಳುನಗೆ, ಅರ್ಧನಗೆ, ಗಹಗಹಿಸುವ ನಗೆ. ಒಳ್ಳೆಯದನ್ನು ಕಂಡಾಗ 'ಸಾಧು', ಅದ್ಭುತವನ್ನು ಕಂಡಾಗ 'ಅಹೋ', ಶೋಕವನ್ನು ಕಂಡಾಗ 'ಕಷ್ಟಂ' ಎಂಬ ಉದ್ಗಾರ. ಕೊನೆಗೆ ಎಲ್ಲರೂ ಒಟ್ಟಾಗಿ ಮೊಳಗುವ ಘೋಷ, ಇವು ಬಾಯಿಯ ಉತ್ತರಗಳು. ಮೈನವಿರೇಳುವದು, ಕುಳಿತಲ್ಲಿಂದ ಎದ್ದು ನಿಲ್ಲುವದು, ಹೊದೆದ ವಸ್ತ್ರವನ್ನೂ ಬೆರಳಿನ ಉಂಗುರವನ್ನೂ ನಟನೆಡೆಗೆ ಎಸೆಯುವದು, ಇವು ಮೈಯ ಉತ್ತರಗಳು. ಇಂದಿನ ಸಭೆಗಳಲ್ಲಿ ಕಾಣುವ ಚಪ್ಪಾಳೆ ಬಹುಮಾನಗಳ ಪೂರ್ವಜರು ಇಲ್ಲಿಯೇ ಇರುವರೆಂಬುದು ಸ್ಪಷ್ಟವು.

ಆದರೆ ಮುನಿಯು ಇಷ್ಟಕ್ಕೇ ನಿಲ್ಲಲಿಲ್ಲ. ಇದಕ್ಕೂ ಮೇಲಾದ ದೈವಿಕೀ ಸಿದ್ಧಿಯೊಂದನ್ನು ಹೇಳಿದನು. ಎಲ್ಲಿ ಶಬ್ದವಿಲ್ಲವೋ, ಎಲ್ಲಿ ಕ್ಷೋಭೆಯಿಲ್ಲವೋ, ಎಲ್ಲಿ ಉತ್ಪಾತವಿಲ್ಲವೋ, ಮತ್ತು ಎಲ್ಲಿ ರಂಗಮಂದಿರವು ತುಂಬಿರುವದೋ ಅಲ್ಲಿ ದೈವಿಕೀ ಸಿದ್ಧಿಯು. ಈ ಕೊನೆಯ ಅಂಗವನ್ನು ಸದ್ಭಕ್ತರು ಲಕ್ಷ್ಯವಿಟ್ಟು ಗಮನಿಸಬೇಕು. ಬರಿದಾದ ಮಂದಿರದ ಮೌನವು ಸಿದ್ಧಿಯಲ್ಲ, ಅದು ಸೋಲು. ತುಂಬಿದ ಮಂದಿರದ ಮೌನವೇ ಸಿದ್ಧಿಯು. ಸಾವಿರ ಜನರು ಕೂಡಿದಾಗ ತಾನಾಗಿಯೇ ಏಳುವ ಕಲರವವನ್ನು ಆ ಸಾವಿರ ಜನರೇ ತಮ್ಮ ಒಳಗಿಳಿಸಿ ಒಂದೇ ಕಿವಿಯಾಗುವದು ಸಾಮಾನ್ಯ ಕಾರ್ಯವಲ್ಲ.

ಸಭಿಕರೆಲ್ಲರೂ ಒಂದೇ ಬಗೆಯವರೆಂದು ಶಾಸ್ತ್ರವು ಭ್ರಮಿಸಿಲ್ಲ. ತರುಣನು ಶೃಂಗಾರವನ್ನು ಬಯಸುವನು, ಪಂಡಿತನು ಸಿದ್ಧಾಂತವನ್ನು, ಅರ್ಥಪರನು ಅರ್ಥವನ್ನು, ವಿರಕ್ತನು ಮೋಕ್ಷವನ್ನು. ಶೂರನಿಗೆ ಯುದ್ಧವೇ ಬೇಕು, ವೃದ್ಧನಿಗೆ ಪುರಾಣವೇ ಬೇಕು, ಮಕ್ಕಳಿಗೆ ನಗೆಯೂ ವೇಷವೂ ಬೇಕು. ಹೀಗೆ ಬೇರೆ ಬೇರೆ ಹಸಿವಿನಿಂದ ಬಂದವರನ್ನು ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿ ಉಣಬಡಿಸುವದು ಆಡುವವನ ಭಾರವು. ಹಾಗಾದರೆ ಉಣ್ಣುವವನ ಭಾರವೇನು? ಇದಕ್ಕೂ ಭರತನು ಉತ್ತರವಿತ್ತಿರುವನು. ಪಾತ್ರವು ಸಂತೋಷಪಟ್ಟಾಗ ತಾನೂ ಸಂತೋಷಪಡುವವನು, ಪಾತ್ರವು ಶೋಕಿಸಿದಾಗ ತಾನೂ ಶೋಕಿಸುವವನು, ದೈನ್ಯಕ್ಕೆ ದೀನನಾಗುವವನು, ಅವನೇ ಪ್ರೇಕ್ಷಕನು. ಮುಂದೆ ಬಂದ ಆಲಂಕಾರಿಕರು ಇವನನ್ನೇ ಸಹೃದಯನೆಂದು ಕರೆದರು. ಕನ್ನಡಿಯು ತೊಳೆದಿದ್ದರೆ ಮುಖವು ಕಾಣುವದು. ಸಹೃದಯನ ಮನಸ್ಸು ತೊಳೆದ ಕನ್ನಡಿಯು. ಕನ್ನಡಿಯು ಏನೂ ಮಾಡದೆ ಇರುವಂತೆ ತೋರುವದು. ಆದರೆ ಅದಿಲ್ಲದೆ ಬಿಂಬಕ್ಕೆ ಪ್ರತಿಬಿಂಬವಿಲ್ಲ.

ಇನ್ನು ಶರಣರ ದೃಷ್ಟಿಯು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ವಚನಕಾರರ ಸಾಲಿನೊಳಗೆ ಆಟದಿಂದ ಜೀವಿಸಿದವರೂ ಇದ್ದರು. ವೇಷಗಳನ್ನು ಧರಿಸಿ ತೋರುವದು ಬಹುರೂಪಿ ಚೌಡಯ್ಯನ ಕಾಯಕವಾಗಿತ್ತು. ರೇಕಣ್ಣಪ್ರಿಯ ನಾಗಿನಾಥನೆಂಬುದು ಆತನ ಅಂಕಿತವು. ಜನರನ್ನು ನಗಿಸುವದು ನಗೆಯ ಮಾರಿತಂದೆಯ ಕಾಯಕವಾಗಿತ್ತು. ಆತುರವೈರಿ ಮಾರೇಶ್ವರನೆಂಬುದು ಆತನ ಅಂಕಿತವು. ನೇಯುವವನೂ ಅಂಬಿಗನೂ ಕೂಡುವ ಪಂಕ್ತಿಯಲ್ಲಿಯೇ ವೇಷಧಾರಿಯೂ ನಗಿಸುವವನೂ ಕುಳಿತರು. ಆಟವು ಹೀನವೃತ್ತಿಯಲ್ಲ, ಅದೂ ಲಿಂಗಾರ್ಪಿತವಾಗಬಲ್ಲ ಕಾಯಕವೆಂಬ ನಿರ್ಣಯವು ಅಂದೇ ಆಗಿಹೋಯಿತು. ಆದರೆ ಕಾಯಕವಿದ್ದಲ್ಲಿ ದಾಸೋಹವೂ ಇರಬೇಕಷ್ಟೆ? ಇವು ಒಂದೇ ಹಕ್ಕಿಯ ಎರಡು ರೆಕ್ಕೆಗಳು. ಆಡುವವನದು ಕಾಯಕವು, ನೋಡುವವನದು ದಾಸೋಹವು. ಸಭಿಕನು ಪಡೆಯಲಿಕ್ಕೆ ಬಂದವನೆಂಬುದು ಅರ್ಧಸತ್ಯವು. ಅವನು ಕೊಡಲಿಕ್ಕೂ ಬಂದವನು.

ಅನುಭವಮಂಟಪದ ರೀತಿಯೂ ಇದನ್ನೇ ಸಾರುವದು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಶೂನ್ಯಸಂಪಾದನೆಯನ್ನು ಸಂಕಲಿಸುವಾಗ ಅದನ್ನು ಒಬ್ಬನ ಉಪದೇಶವಾಗಿ ಜೋಡಿಸಲಿಲ್ಲ. ಪ್ರಶ್ನೆ ಉತ್ತರಗಳ ಗೋಷ್ಠಿಯಾಗಿ ಜೋಡಿಸಿದನು. ಅಲ್ಲಿ ಬರಿದೇ ಕೇಳುವವನೆಂಬವನು ಇಲ್ಲ. ಕೇಳುವವನು ಮರುಕ್ಷಣದಲ್ಲಿ ನುಡಿಯುವವನು. ನುಡಿದವನು ಮರುಕ್ಷಣದಲ್ಲಿ ತಲೆವಾಗಿ ಕೇಳುವವನು.

ದಾಸೋಹವು ತನು, ಮನ, ಧನ ಎಂದು ಮೂರು ಬಗೆಯಾಗಿರುವದು. ತನುವನ್ನು ಗುರುವಿಗೆ, ಮನವನ್ನು ಲಿಂಗಕ್ಕೆ, ಧನವನ್ನು ಜಂಗಮಕ್ಕೆ ಸವೆಸುವದೆಂಬುದು ಸರ್ವವಿದಿತವು. ಸಭಿಕನ ದಾಸೋಹಕ್ಕೂ ಈ ಮೂರು ಮುಖಗಳುಂಟು. ಮನದ ದಾಸೋಹವು ಎಲ್ಲಕ್ಕೂ ಕಠಿಣವಾದುದರಿಂದ ಅದನ್ನು ಕೊನೆಗಿರಿಸಿ ಉಳಿದೆರಡನ್ನು ಮೊದಲು ನೋಡುವದು ಲೇಸು.

ತನುವಿನ ದಾಸೋಹವನ್ನು ರಥೋತ್ಸವದಲ್ಲಿ ಕಾಣಬಹುದು. ತೇರನ್ನು ನೋಡಲು ಬಂದವನೇ ಮಿಣಿಗೆ ಕೈಹಚ್ಚಿ ಎಳೆಯುವನು. ಉತ್ತತ್ತಿ ಬಾಳೆಹಣ್ಣುಗಳನ್ನು ಕಳಸದೆಡೆಗೆ ತೂರುವನು. ಅಲ್ಲಿ ನೋಟಕರನ್ನು ಬೇರೆ, ಸೇವಕರನ್ನು ಬೇರೆ ಮಾಡಿ ಗೆರೆ ಎಳೆಯಲು ಯಾರಿಂದಲೂ ಸಾಧ್ಯವಿಲ್ಲ. ಬಯಲಾಟದಲ್ಲಿಯೂ ಹೀಗೆಯೇ. ಉತ್ತರ ಕರ್ನಾಟಕದ ದೊಡ್ಡಾಟಕ್ಕೆ ಅಟ್ಟ ಕಟ್ಟುವವರು ಊರವರು, ತೊಲೆ ಹೊರುವವರು ಊರವರು, ಪಾತ್ರಧಾರಿಗಳಿಗೆ ಸೀರೆ ಒಡವೆಗಳನ್ನು ತಮ್ಮ ಮನೆಗಳಿಂದ ತಂದುಕೊಡುವವರೂ ಊರವರೇ. ಹಗಲು ನೇಗಿಲು ಹಿಡಿದವನು ಇರುಳು ಕಿರೀಟ ಧರಿಸುವನು. ನಿನ್ನೆ ಕಿರೀಟ ಧರಿಸಿದವನು ಇಂದು ಕಂಬಳಿ ಹೊದ್ದು ಎದುರಿಗೆ ಕೂಡುವನು. ಹೊಲದ ದಣಿವಿನ ಮೇಲೆ ಬೆಳಗಿನವರೆಗೆ ಎಚ್ಚತ್ತಿರುವದು ತನುವನ್ನು ದಂಡಿಸುವ ಸೇವೆಯಲ್ಲವೆಂದು ಯಾರು ಹೇಳಿಯಾರು?

ಪುರವಂತರ ಕುಣಿತವು ಇದಕ್ಕಿಂತಲೂ ನಿಕಟವಾದ ಉದಾಹರಣೆಯು. ವೀರಭದ್ರನ ವೇಷಧಾರಿಯು ಸಂಬಾಳದ ಗತ್ತಿಗೆ ಹೆಜ್ಜೆ ಹಾಕುತ್ತ ದಕ್ಷಯಜ್ಞವಿಧ್ವಂಸದ ಕಥೆಯನ್ನು ಒಡಪಿನ ರೂಪದಲ್ಲಿ ಹೇಳುವನು. ಒಂದೊಂದು ಒಡಪು ಮುಗಿಯುತ್ತಲೇ ವಾದ್ಯವು ಮೊಳಗುವದು, ಸುತ್ತ ನಿಂತವರು ಹರಹರ ಮಹಾದೇವ ಎಂದು ಘೋಷಿಸುವರು. ಆ ಘೋಷವು ಚಪ್ಪಾಳೆಯಲ್ಲ. ಅದು ಕಥೆಯ ಅಂಗವು. ಘೋಷವಿಲ್ಲದಿದ್ದರೆ ಪುರವಂತನಿಗೆ ಮುಂದಿನ ಒಡಪಿಗೆ ಉಸಿರು ದೊರೆಯದು. ಶಸ್ತ್ರ ಧರಿಸುವ ವೇಳೆಗಂತೂ ನೋಟಕನ ಸಾಲಿನಿಂದಲೇ ಹರಕೆ ಹೊತ್ತ ಭಕ್ತನು ಮುಂದೆ ಬಂದು ತಾನೂ ಶಸ್ತ್ರವನ್ನು ಹಾಕಿಸಿಕೊಳ್ಳುವದುಂಟು. ಕ್ಷಣಕಾಲದ ಹಿಂದೆ ನೋಡುತ್ತಿದ್ದವನು ಈಗ ನೋಡಲ್ಪಡುವವನಾದನು. ನೋಟಕ್ಕೂ ಸೇವೆಗೂ ನಡುವೆ ಇರುವ ಗೆರೆಯು ಅಷ್ಟೇ ತೆಳುವಾದುದು.

ಇನ್ನು ಧನದ ದಾಸೋಹವು. ಇಲ್ಲಿ ಪುಣ್ಯವೂ ಉಂಟು, ಪ್ರಮಾದವೂ ಉಂಟು. ಪುಣ್ಯದ ನಿದರ್ಶನವನ್ನು ಗದುಗಿನಲ್ಲಿ ನೋಡಬೇಕು. ಪಂಚಾಕ್ಷರ ಗವಾಯಿಗಳು (1892–1944) ಹುಟ್ಟಿನಿಂದಲೇ ದೃಷ್ಟಿಹೀನರು. 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಗೆ ಪಾತ್ರರಾಗಿ ಸಂಗೀತವಿದ್ಯೆಯನ್ನು ಪಡೆದವರು. ಅವರು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ನಾದವಿದ್ಯೆಯನ್ನು ಧಾರೆಯೆರೆದರು. ಅವರ ತರುವಾಯ ಪುಟ್ಟರಾಜ ಗವಾಯಿಗಳು (1914–2010) ಆ ಭಾರವನ್ನು ಹೊತ್ತರು. ಆಶ್ರಮದ ಮಕ್ಕಳ ಅನ್ನಕ್ಕಾಗಿ ಗುರುಗಳು ನಾಟಕ ಸಂಘವನ್ನೇ ಕಟ್ಟಿ ಊರೂರು ಸಂಚರಿಸಿದರು. ಆ ಆಟಗಳಿಗೆ ಚೀಟಿ ಕೊಂಡು ಬಂದವನು ತಾನು ನಾಟಕ ನೋಡಿದೆನೆಂದು ತಿಳಿದನು; ಆದರೆ ಅವನ ಕಾಸು ಒಬ್ಬ ಕುರುಡು ಬಾಲಕನ ಎಲೆಯಲ್ಲಿ ರೊಟ್ಟಿಯಾಯಿತು, ಅವನ ಕಂಠದಲ್ಲಿ ಸ್ವರವಾಯಿತು. ನೋಟಕನ ಧನವು ದಾಸೋಹವಾಗುವದು ಹೀಗೆ.

ಪ್ರಮಾದವೆಂದರೆ ಆಹೇರಿಯದು. ಆಟದ ನಡುವೆ ಮೆಚ್ಚಿದವರೂ ಬೀಗರೂ ಪಾತ್ರಧಾರಿಗೆ ಉಡುಗೊರೆ ಕೊಡುವದು, ಅದನ್ನು ರಂಗದ ಮೇಲಿನಿಂದ ಹೆಸರು ಹಿಡಿದು ಸಾರುವದು ಉತ್ತರ ಕರ್ನಾಟಕದ ಗ್ರಾಮಗಳಲ್ಲಿ ರೂಢವಾಗಿರುವ ಪದ್ಧತಿಯು. ಇದರ ಮೂಲವು ಒಳ್ಳೆಯದು. ಭರತನು ಹೇಳಿದ ಉಂಗುರವೇ ಇಲ್ಲಿ ಆಹೇರಿಯಾಗಿರುವದು. ಉಂಗುರವನ್ನೆಸೆದವನು ಮೈಮರೆತು ಎಸೆದನು. ಆದರೆ ಇಲ್ಲಿ ಹೆಸರು ಕೂಗಿಸಿಕೊಳ್ಳುವವನು ಮೈಮರೆಯುವದಿಲ್ಲ, ಸಭೆಯನ್ನೇ ಮರೆಯುವನು. ರಾಣಿಯು ಮಗನ ಶವದ ಮುಂದೆ ಶೋಕಿಸುತ್ತಿರುವಾಗ ಆಟವು ನಿಂತು, ಇಂಥ ಗೌಡರಿಂದ ಇಷ್ಟು ರೂಪಾಯಿ ಎಂಬ ಕೂಗು ಏಳುವದು. ಸಾವಿರ ಜನರ ಕಣ್ಣಿನಲ್ಲಿ ತುಂಬಿದ ನೀರು ಒಬ್ಬನ ಹೆಸರಿಗಾಗಿ ಇಂಗಿಹೋಗುವದು. ಕೊಟ್ಟದ್ದನ್ನು ತಾನು ಕೊಟ್ಟೆನೆಂದು ಎಣಿಸದೆ ಕೊಡುವದೇ ದಾಸೋಹದ ಜೀವವು. 'ನಾನು' ಎಂಬುದು ಸೇರಿದೊಡನೆಯೇ ಅದು ಬರಿಯ ದಾನವಾಗುವದು. ಸಭೆಯ ರಸವನ್ನು ಕೆಡಿಸಿದರಂತೂ ಅದು ದಾನವೂ ಅಲ್ಲ, ಅಪಹಾರವು. ಆಹೇರಿಯನ್ನು ಬಿಡಬೇಕೆಂದಲ್ಲ, ಆಟದ ಆರಂಭದಲ್ಲಿಯೋ ಮಂಗಲದ ತರುವಾಯವೋ ಒಪ್ಪಿಸಿದರೆ ಕಲಾವಿದನಿಗೂ ಹಿತವು, ಸಭೆಗೂ ಹಿತವು.

ಇನ್ನುಳಿದುದು ಮನದ ದಾಸೋಹವು. ತನುವನ್ನು ತಂದು ಕುಳ್ಳಿರಿಸಬಹುದು, ಧನವನ್ನು ತಟ್ಟೆಗೆ ಹಾಕಬಹುದು. ಮನವನ್ನು ತಂದು ಕುಳ್ಳಿರಿಸುವದು ಬಲು ಕಠಿಣವು. ಆದುದರಿಂದಲೇ ಹಿಂದಿನವರು ಸಭೆಯ ಮನವನ್ನು ಕಟ್ಟಿಹಾಕಲು ಆಟದ ಒಳಗೆಯೇ ಉಪಾಯಗಳನ್ನು ಇರಿಸಿದರು. ದೊಡ್ಡಾಟದಲ್ಲಿ ಸಾರಥಿಯೆಂಬವನಿರುವನು. ಪಾತ್ರವು ರಂಗಕ್ಕೆ ಬರುತ್ತಲೇ, ನೀನು ಯಾರು, ನಿನ್ನ ಊರಾವುದು, ಬಂದ ಕಾರಣವೇನು ಎಂದು ಅವನು ಕೇಳುವನು. ಎಷ್ಟು ದೊಡ್ಡ ಚಕ್ರವರ್ತಿಯಾದರೂ ಸಾರಥಿಯ ಪ್ರಶ್ನೆಗೆ ಉತ್ತರ ಕೊಡದೆ ಮುಂದುವರಿಯಲಾರನು. ಸಾರಥಿಯು ಕೇಳುವದು ತನಗಾಗಿ ಅಲ್ಲ. ಎದುರಿಗೆ ಕುಳಿತವರ ಪರವಾಗಿ. ಅವನು ಸಭೆಯ ಬಾಯಿ. ಮಠದ ಪುರಾಣದಲ್ಲಿಯೂ ಇಂಥದೇ ಏರ್ಪಾಡು. ಚಾಮರಸನ ಪ್ರಭುಲಿಂಗಲೀಲೆಯನ್ನಾಗಲಿ, 1584ರಲ್ಲಿ ವಿರೂಪಾಕ್ಷ ಪಂಡಿತನು ರಚಿಸಿದ ಚೆನ್ನಬಸವಪುರಾಣವನ್ನಾಗಲಿ ಒಬ್ಬರು ರಾಗವಾಗಿ ಓದುವರು, ಮತ್ತೊಬ್ಬರು ಅರ್ಥ ಹೇಳುವರು. ಅರ್ಥ ಹೇಳುವವನು ಓದುವವನ ಮೊದಲನೆಯ ಕೇಳುಗನು. ಅವನು ಕೇಳಿದ ಹಾಗೆ ಸಭೆಯೂ ಕೇಳಲು ಕಲಿಯುವದು.

ಗೀಗೀ ಪದದ ಮೇಳಗಳಲ್ಲಿ ಸಭೆಯ ಪಾತ್ರವು ಇನ್ನೂ ಹೆಚ್ಚಿನದು. ಹರದೇಶಿ ನಾಗೇಶಿ ಎಂಬ ಎರಡು ಪಕ್ಷಗಳು ದಪ್ಪು ತುಂತುಣಿಗಳೊಡನೆ ಎದುರುಬದುರಾಗಿ ನಿಂತು, ಒಂದು ಶಿವನ ಮೇಲ್ಮೆಯನ್ನೂ ಇನ್ನೊಂದು ಶಕ್ತಿಯ ಮೇಲ್ಮೆಯನ್ನೂ ಎತ್ತಿಹಿಡಿದು ಸವಾಲು ಜವಾಬುಗಳಲ್ಲಿ ಇರುಳನ್ನು ಕಳೆಯುವವು. ಕೆಳಗೆ ಕುಳಿತವರೂ ಎರಡು ಪಕ್ಷವಾಗುವರು. ಸವಾಲು ಬಿದ್ದಾಗ ಇತ್ತ ಕಡೆಯವರ ಎದೆಯು ಡವಗುಟ್ಟುವದು. ಜವಾಬು ಬಂದಾಗ ಅತ್ತ ಕಡೆಯವರ ಮುಖವು ಬಾಡುವದು. ಬೆಳಕು ಹರಿಯುವ ವೇಳೆಗೆ ಶಿವ ಬೇರೆಯಲ್ಲ, ಶಕ್ತಿ ಬೇರೆಯಲ್ಲ ಎಂಬ ಮಾತಿಗೆ ಬಂದು ಮುಟ್ಟಿದಾಗ ಎರಡೂ ಪಕ್ಷದವರು ಒಟ್ಟಿಗೇ ಏಳುವರು. ಶಿವಶಕ್ತಿಯರ ಸಾಮರಸ್ಯವನ್ನು ಓದಿ ತಿಳಿಯುವವನು ಒಬ್ಬನು. ರಾತ್ರಿಯಿಡೀ ಒಂದು ಪಕ್ಷವಾಗಿ ಕಾದಾಡಿ ಬೆಳಗಿನ ಜಾವಕ್ಕೆ ಅದನ್ನು ಮನದಲ್ಲಿ ಕಂಡುಕೊಳ್ಳುವವನು ಇನ್ನೊಬ್ಬನು. ಎರಡನೆಯವನು ಮರೆಯುವದಿಲ್ಲ.

ಆದರೆ ಮನವು ಸಭೆಗೆ ಬಂದ ಮಾತ್ರಕ್ಕೆ ಎಲ್ಲವೂ ಸರಿಹೋಗುವದೆಂದಲ್ಲ. ಕಂಪನಿ ನಾಟಕಗಳ ಇತಿಹಾಸವು ಇದಕ್ಕೆ ಸಾಕ್ಷಿಯು. 1884ರಲ್ಲಿ ಹುಟ್ಟಿದ ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘವು ವೀರಣ್ಣನವರ (1891–1972) ಕಾಲದಲ್ಲಿ ನಾಡಿಗೆಲ್ಲ ಹೆಸರಾಯಿತು. 1934ರ ಕುರುಕ್ಷೇತ್ರ ನಾಟಕದಲ್ಲಿ ಜೀವಂತ ಆನೆ ಕುದುರೆಗಳೇ ರಂಗಕ್ಕೆ ಬಂದವು. ಅಂಥ ವೈಭವದ ಕಾಲದಲ್ಲಿಯೇ ಸಭಿಕರಲ್ಲಿ 'ಒನ್ಸ್ ಮೋರ್' ಎಂಬ ಕೂಗು ಬೆಳೆಯಿತು. ಮೆಚ್ಚಿದ ಹಾಡನ್ನು ಮತ್ತೊಮ್ಮೆ ಹಾಡಿಸುವದು ರಸಿಕತೆಯ ಹಸಿವು, ಅದರಲ್ಲಿ ದೋಷವಿಲ್ಲ. ಆದರೆ ರಣರಂಗದಲ್ಲಿ ಮಡಿದ ವೀರನು ಸಭೆಯ ಕೂಗಿಗೆ ಎದ್ದು ಕುಳಿತು, ಸಾಯುವಾಗಿನ ಹಾಡನ್ನು ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಸತ್ತನೆಂದು ಹಳಬರು ನಗುತ್ತ ಹೇಳುವದುಂಟು. ನಗೆಯ ಹಿಂದೆ ಒಂದು ಪಾಠವಿರುವದು. ಸಭೆಯು ಹಾಡನ್ನು ಪಡೆಯಿತು, ಸಾವನ್ನು ಕಳೆದುಕೊಂಡಿತು. ಕಲಾವಿದನು ಸಭೆಯ ಆಜ್ಞೆಯನ್ನು ಮೀರಲಾರನು. ಆದುದರಿಂದ ಸಭೆಯು ಆಜ್ಞಾಪಿಸುವ ಮುನ್ನ ವಿವೇಕವನ್ನು ಕೇಳಿಕೊಳ್ಳಬೇಕು. ಕೆಟ್ಟ ಆಟವು ಸಭೆಯನ್ನು ಕೆಡಿಸುವದು ನಿಜವು. ಕೆಟ್ಟ ಸಭೆಯು ಒಳ್ಳೆಯ ಆಟವನ್ನು ಕೆಡಿಸುವದು ಅದಕ್ಕಿಂತಲೂ ನಿಜವು.

ಇಲ್ಲಿ ಇನ್ನೊಂದು ಸೂಕ್ಷ್ಮ ವಿಚಾರವುಂಟು. ಏಣಗಿ ಬಾಳಪ್ಪನವರು (1914–2017) ಬಸವೇಶ್ವರನ ಪಾತ್ರದಿಂದ ನಾಡಿನಲ್ಲಿ ಪ್ರಸಿದ್ಧರಾದರು. ಬಸವಣ್ಣನ ವೇಷವು ರಂಗಕ್ಕೆ ಬಂದಾಗ ಸಭೆಯಲ್ಲಿ ಕೈಮುಗಿದವರುಂಟು, ಕಣ್ಣೀರಿಟ್ಟವರುಂಟು. ಅಂತೆಯೇ ಸಂಗ್ಯಾ-ಬಾಳ್ಯಾ ಸಣ್ಣಾಟದಲ್ಲಿ ಬಾಳ್ಯಾನು ಗೆಳೆಯನಿಗೆ ವಿಶ್ವಾಸಘಾತ ಮಾಡುವಾಗ ಅವನನ್ನು ಬೈದು ಶಪಿಸಿದವರೂ ಉಂಟು. ಇದನ್ನು ಕೇಳಿ ಕೆಲವರು, ಪಾಮರರು ವೇಷವನ್ನೇ ನಿಜವೆಂದು ಭ್ರಮಿಸಿದರೆಂದು ಹಾಸ್ಯ ಮಾಡುವರು. ಆದರೆ ಕೈಮುಗಿದ ಒಕ್ಕಲಿಗನಿಗೆ ಅದು ವೇಷವೆಂಬುದು ತಿಳಿಯದೆ? ಆಟದ ಮುಂಚೆ ಅದೇ ನಟನು ಚಹದಂಗಡಿಯಲ್ಲಿ ಕುಳಿತಿದ್ದುದನ್ನು ಅವನೇ ಕಂಡಿರುವನು. ತಿಳಿದೂ ಕೈಮುಗಿದನು. ಮುಗಿದುದು ನಟನಿಗಲ್ಲ, ನಟನ ಮೂಲಕ ಎದುರಿಗೆ ಬಂದ ತತ್ತ್ವಕ್ಕೆ. ವೇಷವು ವೇಷವೆಂಬ ಅರಿವನ್ನು ಬಿಡದೆಯೇ ವೇಷದೊಳಗಿನದಕ್ಕೆ ಮನವನ್ನು ಒಪ್ಪಿಸುವದು ಭ್ರಮೆಯಲ್ಲ, ಅದೊಂದು ವಿದ್ಯೆಯು. ಜಗತ್ತೆಂಬ ಬಹುರೂಪದಲ್ಲಿ ಶಿವನನ್ನು ಕಾಣಬೇಕಾದ ಭಕ್ತನಿಗೆ ಬಯಲಾಟದ ಅಂಗಳವೇ ಆ ವಿದ್ಯೆಯ ಪ್ರಥಮ ಪಾಠಶಾಲೆಯು. ಬಹುರೂಪಿ ಚೌಡಯ್ಯನ ಕಾಯಕಕ್ಕೆ ಶರಣರ ನಡುವೆ ಮನ್ನಣೆ ದೊರೆತುದರ ಅರ್ಥವನ್ನು ಇಲ್ಲಿ ಹುಡುಕಬೇಕು.

ಮನದ ದಾಸೋಹವು ಎಷ್ಟು ಅಗತ್ಯವಾದುದೆಂಬುದನ್ನು ದೃಷ್ಟಿಯಿಲ್ಲದ ಗಾಯಕನಿಂದ ತಿಳಿಯಬೇಕು. ಕಣ್ಣುಳ್ಳವನಿಗೆ ಸಭೆಯ ಮುಖಗಳು ಕಾಣುವವು. ತಲೆದೂಗುವವರನ್ನು ನೋಡಿ ಅವನು ಧೈರ್ಯ ಪಡೆಯುವನು. ಪುಣ್ಯಾಶ್ರಮದ ಅಂಧ ಬಾಲಕನು ಮೊದಲನೆಯ ಬಾರಿ ವೇದಿಕೆಯ ಮೇಲೆ ತಂಬೂರಿಯ ಮುಂದೆ ಕುಳಿತಾಗ ಅವನ ಎದುರಿಗೆ ಸಾವಿರ ಜನರಿದ್ದರೂ ಅವನಿಗೆ ಇರುವದು ಧ್ವನಿಯೊಂದೇ. ಸ್ವರವು ಸ್ಥಾನಕ್ಕೆ ಬಂದಾಗ ಮುಂದಿನ ಸಾಲಿನಿಂದ ಬರುವ 'ಆಹಾ' ಎಂಬ ಮೆಲುದನಿಯು, ಸಮ್ಮಿಗೆ ಬಂದು ಸೇರಿದಾಗ ಒಟ್ಟಾಗಿ ಬೀಳುವ ಕೈಗಳ ತಾಳವು, ಆಲಾಪವು ಆಳಕ್ಕಿಳಿದಾಗ ಕೆಮ್ಮೂ ನಿಂತುಹೋಗುವ ನಿಶ್ಶಬ್ದವು, ಇವೇ ಅವನಿಗೆ ಸಭೆಯ ಮುಖವು. ನಡುವೆ ಹರಟುವವನು, ಎದ್ದು ಹೋಗುವವನು, ಅವನ ಪಾಲಿಗೆ ದೀಪವನ್ನು ಆರಿಸಿದವನು. ಅಂಥವನ ಮುಂದೆ ಕುಳಿತವನು ತನ್ನ ಕಿವಿಯು ಎಷ್ಟು ದೊಡ್ಡ ಕಾಣಿಕೆಯೆಂಬುದನ್ನು ಅರಿಯುವನು.

ಸಿದ್ಧಿಯಂತೆಯೇ ಘಾತಗಳನ್ನೂ ಭರತನು ಎಣಿಸಿರುವನು. ಗಾಳಿ, ಬೆಂಕಿ, ಮಳೆಗಳಿಂದ ಬರುವವು ಕೆಲವು. ನಟನ ಮರೆವು ತಪ್ಪುಗಳಿಂದ ಬರುವವು ಕೆಲವು. ಸಭೆಯಲ್ಲಿ ಕುಳಿತ ಪರರಿಂದ ಬರುವವು ಕೆಲವು. ಅತಿಯಾಗಿ ನಗುವದು, ಅಬ್ಬರಿಸುವದು, ರಂಗದ ಮೇಲೆ ಸಗಣಿಯನ್ನೂ ಹೆಂಟೆಯನ್ನೂ ಎಸೆಯುವದು, ಇರುವೆಗಳನ್ನು ಸುರಿಯುವದು, ಇವನ್ನೆಲ್ಲ ಪಟ್ಟಿ ಮಾಡಿರುವನು. ಇಂದಿನ ಸಭೆಗಳಲ್ಲಿ ಇರುವೆಗಳನ್ನು ಸುರಿಯುವವರಿಲ್ಲ. ಆದರೆ ಭರತನು ಎಣಿಸದ ಒಂದು ಘಾತವು ಬಂದಿರುವದು. ಆಟವು ಆರಂಭವಾಗುತ್ತಲೇ ನೂರಾರು ಕೈಗಳು ಮೇಲೇಳುವವು. ಪ್ರತಿಯೊಂದು ಕೈಯಲ್ಲಿ ಮೊಬೈಲು ಬೆಳಗುವದು. ನೋಡಬೇಕಾದ ಕಣ್ಣು ಯಂತ್ರದ ಗಾಜಿನಲ್ಲಿ ನೆಟ್ಟಿರುವದು. ಹಿಂದೆ ಕುಳಿತ ಮುದುಕಿಗೆ ರಂಗವು ಕಾಣದು. ಮುಂದೆ ನಿಂತವನು ರಂಗವನ್ನು ನೋಡನು. ಆಮೇಲೆ ನೋಡಿದರಾಯಿತೆಂದು ಅವನು ಅದನ್ನು ಕೂಡಿಡುವನು. ಆ 'ಆಮೇಲೆ' ಎಂಬುದು ಬಹುಮಟ್ಟಿಗೆ ಬರುವದೇ ಇಲ್ಲ. ಪ್ರಸಾದವನ್ನು ಬಾಯಿಗಿಡದೆ ಡಬ್ಬಿಯಲ್ಲಿ ಮುಚ್ಚಿಟ್ಟು ಹಳಸಿಸುವವನಿಗೂ ಇವನಿಗೂ ಭೇದವೇನು?

ಇದರರ್ಥ ಯಂತ್ರವೆಲ್ಲವೂ ತ್ಯಾಜ್ಯವೆಂದಲ್ಲ. ಮಡಿದ ಗವಾಯಿಗಳ ಕಂಠವು ಇಂದಿಗೂ ಕೇಳಿಬರುವದು ಯಂತ್ರದ ಕೃಪೆಯಿಂದಲೇ. ಹಾಸಿಗೆ ಹಿಡಿದವರು ಮನೆಯಲ್ಲಿಯೇ ಪ್ರವಚನವನ್ನು ಕೇಳುವದೂ ಅದರಿಂದಲೇ. ಆದರೆ ಯಂತ್ರವು ಸಭೆಯ ಸ್ಥಾನವನ್ನು ತುಂಬಲಾರದೆಂಬುದನ್ನು 2020ನೆಯ ವರುಷವು ಎಲ್ಲರಿಗೂ ಕಲಿಸಿತು. ಆ ವರುಷ ಕೊರೋನಾ ರೋಗದ ಭಯದಿಂದ ಜಾತ್ರೆಗಳು ನಿಂತವು, ಚಪ್ಪರಗಳು ಬರಿದಾದವು, ಜಾತ್ರೆಯನ್ನೇ ನಂಬಿದ ನಾಟಕ ಕಂಪನಿಗಳ ಒಲೆಯು ಆರಿತು. ಗಾಯಕರು ಮುಚ್ಚಿದ ಕೋಣೆಯಲ್ಲಿ ಯಂತ್ರದ ಮುಂದೆ ಹಾಡಿದರು, ಶಾಸ್ತ್ರಿಗಳು ಬರಿಯ ಗೋಡೆಗೆ ಪುರಾಣ ಹೇಳಿದರು. ಅಲ್ಲಿ ಶಬ್ದವಿರಲಿಲ್ಲ, ಕ್ಷೋಭೆಯಿರಲಿಲ್ಲ. ಆದರೆ ದೈವಿಕೀ ಸಿದ್ಧಿಯೂ ಇರಲಿಲ್ಲ. ಏಕೆಂದರೆ ಮಂದಿರವು ತುಂಬಿರಲಿಲ್ಲ. ಸಭಿಕನು ಇಲ್ಲವಾದಾಗಲೇ ಸಭಿಕನ ಬೆಲೆಯು ತಿಳಿಯಿತು. ಆ ಬೆಲೆಯು ಕಲಾವಿದರಿಗೆ ತಿಳಿದಿರುವದು. ಸಭಿಕರಿಗೂ ತಿಳಿದಿರುವದೇ ಎಂಬುದೇ ಪ್ರಶ್ನೆಯು. ಮೈಯಿಂದ ಸಭೆಗೆ ಮರಳಿ, ಮನವನ್ನು ಗಾಜಿನೊಳಗೆ ಬಿಟ್ಟು ಕುಳಿತರೆ ಬರಿದಾದ ಮಂದಿರಕ್ಕೂ ತುಂಬಿದ ಮಂದಿರಕ್ಕೂ ವ್ಯತ್ಯಾಸವಿಲ್ಲ.

ಆದುದರಿಂದ ಸದ್ಭಕ್ತರು ಮಹೋತ್ಸವದ ದಿನಗಳಲ್ಲಿ ಕೆಲವು ನಿಯಮಗಳನ್ನು ತಾವಾಗಿಯೇ ಹಿಡಿಯುವದು ಯುಕ್ತವು. ಪಾದರಕ್ಷೆಯನ್ನು ಹೊರಗೆ ಬಿಡುವಂತೆ ಮೊಬೈಲನ್ನೂ ಮುಚ್ಚಿಡಬೇಕು. ಮಕ್ಕಳನ್ನು ಮನೆಯಲ್ಲಿ ಬಿಡದೆ ಕರೆತರಬೇಕು. ಕೇಳುವ ವಿದ್ಯೆಯು ಪುಸ್ತಕದಿಂದ ಬರುವದಿಲ್ಲ, ತಾಯಿಯ ಮಗ್ಗುಲಲ್ಲಿ ಕುಳಿತು ಬರುವದು. ನಗೆ ಬಂದಾಗ ಬಾಯಿ ತುಂಬ ನಗಬೇಕು. ಘೋಷದ ವೇಳೆಗೆ ಎದೆ ತುಂಬ ಘೋಷಿಸಬೇಕು. ಮೌನದ ವೇಳೆಗೆ ಸಾವಿರ ಜನರೊಡನೆ ಮೌನಿಯಾಗಬೇಕು. ಕಾಣಿಕೆಯನ್ನು ಕೊಡುವಾಗ ಹೆಸರನ್ನು ಕೂಗಿಸಬಾರದು. ಮಂಗಲವಾಗುವ ಮುನ್ನ ಏಳಬಾರದು. ಆರತಿಯನ್ನು ಅರ್ಧಕ್ಕೆ ಬಿಟ್ಟು ಹೋಗುವದು ಯಾವ ಭಕ್ತನಿಗೂ ಸಲ್ಲದಂತೆ ಇದೂ ಸಲ್ಲದು.

ಕೊನೆಯದಾಗಿ ಒಂದು ಮಾತು. ಮಠಕ್ಕೆ ಬಂದ ಭಕ್ತನು ಪ್ರಸಾದವನ್ನು ತಾನೊಬ್ಬನೇ ಉಂಡು ಹೋಗುವದಿಲ್ಲ. ಬರಲಾಗದ ಮುದಿತಾಯಿಗಾಗಿ, ದನ ಕಾಯಲು ಉಳಿದ ತಮ್ಮನಿಗಾಗಿ, ಬಾಣಂತಿಯಾದ ಮಗಳಿಗಾಗಿ ಸೆರಗಿನಲ್ಲಿ ಕಟ್ಟಿಕೊಂಡು ಹೋಗುವನು. ಕೇಳಿದುದನ್ನೂ ಹಾಗೆಯೇ ಕಟ್ಟಿಕೊಂಡು ಹೋಗಬೇಕು. ಇರುಳು ಕೇಳಿದ ಪುರಾಣವನ್ನು ಬೆಳಿಗ್ಗೆ ಬೀಸುಕಲ್ಲಿನ ಮುಂದೆ ತನ್ನ ಮಾತಿನಲ್ಲಿ ಹೇಳಿದ ಅಜ್ಜಿಯಿಂದಲೇ ಎಷ್ಟೋ ಮನೆಗಳಲ್ಲಿ ಶರಣರ ಚರಿತ್ರೆಯು ಉಳಿದುಬಂದಿರುವದು. ಆಕೆಗೆ ಅಕ್ಷರ ಬರುತ್ತಿರಲಿಲ್ಲ, ಕೇಳಲು ಬರುತ್ತಿತ್ತು. ಹೀಗೆ ಮನೆಗೆ ಒಯ್ದು ಹಂಚಿದಾಗ ಕೇಳುಗನು ಹೇಳುಗನಾಗುವನು, ದಾಸೋಹವು ತಿರುಗಿ ಕಾಯಕವಾಗುವದು. ಆ ಸರಪಳಿಯು ಕಡಿಯದೆ ಮುಂದುವರಿಯುವದು. ಸ್ಮರಣ ಸಂಪುಟಗಳಲ್ಲಿ ಇಂಥವರ ಹೆಸರುಗಳು ಅಚ್ಚಾಗುವದಿಲ್ಲ. ಆದರೆ ಅವರು ಕೇಳದೆ ಹೋಗಿದ್ದರೆ ಅಚ್ಚು ಹಾಕುವಂಥದು ಯಾವುದೂ ಉಳಿಯುತ್ತಿರಲಿಲ್ಲ.

ಅಂಥ ಕೇಳುಗರೆಲ್ಲರಿಗೂ ಶ್ರೀ ಗುರುಬಸವನ ಕೃಪೆಯು ಇರಲಿ. ಸರ್ವರಿಗೂ ಮಂಗಲವಾಗಲಿ.